ಹದಿನೆಂಟು ಕುಳಿ, ಐದು ತಾಸು

ಗಾಲ್ಫ್ ಅಂದರೆ ನಿಧಾನದ ಆಟ ಅಂತ ರಾಣೆಬೆನ್ನೂರಿನ ನಮ್ಮ ಮಂದಿ ನಗುತ್ತಾರೆ. ಆಟ ನಿಧಾನದ್ದಲ್ಲ, ಆಡುವವರು ನಿಧಾನ. ಬೆಂಗಳೂರಿನಲ್ಲಿ ಭಾನುವಾರ 18 ಕುಳಿ ಮುಗಿಸಲು ಐದು ತಾಸೂ ಸಾಲುವುದಿಲ್ಲ. ನಮ್ಮ ಮುಂದಿನ ತಂಡದವರೊಬ್ಬರು ಟಿವಿಯಲ್ಲಿ ಕಂಡಂತೆ ಮಂಡಿಯೂರಿ ಇಳಿಜಾರು ಅಳೆಯುತ್ತಾರೆ, ಎದ್ದು ನಾಲ್ಕು ಸಲ ಸುಮ್ಮನೆ ಪಟರ್ ಕೋಲು ಆಡಿಸುತ್ತಾರೆ, ಮತ್ತೆ ಕೂರುತ್ತಾರೆ. ಚೆಂಡು ಮಾತ್ರ ಕುಳಿಯ ಹತ್ತಿರವೂ ಸುಳಿಯುವುದಿಲ್ಲ!

ಬ್ಯಾಡಗಿ ಮಾರುಕಟ್ಟೆಯ ಖರೀದಿದಾರರನ್ನು ಇವರು ನೋಡಬೇಕು. ಒಂದು ಹಿಡಿ ಮೆಣಸಿನಕಾಯಿ ಎತ್ತಿ, ಬಣ್ಣ ನೋಡಿ, ಮುರಿದು, ದರ ನಿರ್ಧರಿಸಿ ಮುಂದಿನ ಲಾಟಿಗೆ ನಡೆದಿರುತ್ತಾರೆ. ಅಲ್ಲಿರುವುದು ನಿಜವಾದ ದುಡ್ಡು.

ನಿಯಮವೂ ಅವಸರದ ಪರವಾಗಿಯೇ ಇದೆ. 2019ರಿಂದ ಕಳೆದ ಚೆಂಡು ಹುಡುಕಲು 5 ನಿಮಿಷವಲ್ಲ, 3 ನಿಮಿಷ. ಒಂದು ಹೊಡೆತಕ್ಕೆ 40 ಸೆಕೆಂಡು ಸಾಕು ಎಂಬ ಸಲಹೆಯೂ ಇದೆ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ತಯಾರಿದ್ದವರು ಮೊದಲು ಹೊಡೆಯಬಹುದು. ಆದರೂ 'ಮೊದಲು ನೀವು ಸರ್' ಎಂಬ ಉಪಚಾರ ಮುಗಿಯುವುದಿಲ್ಲ.

ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಕಾಲರ್ ಅಂಗಿಯ ಶಿಸ್ತು ನಮಗೆ ಚೆನ್ನಾಗಿ ಬಂದಿದೆ, ಹಿಂದೆ ಕಾಯುವವರ ಕಡೆ ತಿರುಗಿ ನೋಡುವ ಶಿಸ್ತು ಬಂದಿಲ್ಲ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್‌ನಲ್ಲಿ ನಮ್ಮ ಆಟಗಾರ್ತಿ ಅದಿತಿ ಅಶೋಕ್ ನಾಲ್ಕನೆಯವರಾದಾಗ ಹಾವೇರಿಯ ಗೆಳೆಯರೂ ನಸುಕಿನಲ್ಲೆದ್ದು ಟಿವಿ ಹಾಕಿದ್ದರು. ಆ ಗೆಳೆಯರನ್ನು ಒಮ್ಮೆ ಮೈದಾನಕ್ಕೆ ಕರೆದೊಯ್ಯುವಾಸೆ. ಭಾನುವಾರ ಮಾತ್ರ ಬೇಡ.