ಕೆಂಚನ ಕಾಗದಪತ್ರ

ನಮ್ಮ ಮಧುಗಿರಿ, ಕೊರಟಗೆರೆ, ಶಿರಾ ಸೀಮೆಯಲ್ಲಿ ನಾಯಿಗೆ ಊರಿರುತ್ತದೆ, ಮನೆ ಇರುವುದಿಲ್ಲ. ನಾಲ್ಕು ಮನೆಯವರು ಹಾಕಿದ ಮುದ್ದೆ ತಿಂದು ಇಡೀ ಬೀದಿ ಕಾಯುತ್ತದೆ. ಸಾಕಿದವರು ಯಾರೆಂದು ಕೇಳಿದರೆ ಎಲ್ಲರೂ ಪಕ್ಕದ ಮನೆ ತೋರಿಸುತ್ತಾರೆ. ಮುಸಲ್ಮಾನರ ಮೊಹಲ್ಲಾಗಳಲ್ಲಿ ಈ ದೂರ ಇನ್ನಷ್ಟು ಹೆಚ್ಚು. ನಾಯಿಯ ಜೊಲ್ಲು ತಾಗಿದ ಬಟ್ಟೆಯಲ್ಲಿ ನಮಾಜ್ ಹೇಗೆ, ನಾಯಿ ಇರುವ ಮನೆಗೆ ಫರಿಶ್ತೆಗಳು ಬರುತ್ತಾರೆಯೇ ಎಂಬ ಮಾತು ಕೇಳುತ್ತಲೇ ಬೆಳೆದವರು ನಾವು. ಕುರಿ ಕಾಯುವ, ಬೇಟೆಯಾಡುವ, ಹೊಲ ಕಾಯುವ ನಾಯಿಗೆ ರಿಯಾಯಿತಿ ಇದೆ ಎಂಬುದನ್ನೂ ಹಿರಿಯರೇ ಹೇಳಿಕೊಟ್ಟರು. ಬಾಯಾರಿದ ನಾಯಿಗಾಗಿ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದವನ ಪಾಪ ಮಾಫಾದ ಹದೀಸು ನಮ್ಮ ಮಕ್ಕಳಿಗೆಲ್ಲ ಗೊತ್ತು. ಕುರ್‌ಆನಿನ ಕಹ್ಫ್ ಅಧ್ಯಾಯದಲ್ಲಿ, ಗುಹೆಯಲ್ಲಿ ನಿದ್ರಿಸಿದ ಯುವಕರ ಜೊತೆ ಅವರ ನಾಯಿಯೂ ಇದೆ. ಮುಂಗಾಲು ಚಾಚಿ ಹೊಸ್ತಿಲಲ್ಲಿ ಮಲಗಿದೆ.

ನನ್ನ ಚಾಚಾ ತಮ್ಮ ನಾಯಿಗೆ ಕೊಟ್ಟ ಜಾಗವೂ ಹೊಸ್ತಿಲೇ. ಉರ್ದು ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಕೊರಟಗೆರೆ ಕಡೆಯ ಕಡಲೆಕಾಯಿ ಹೊಲದಲ್ಲಿ ಸಿಕ್ಕ ಕೆಂಚು ಬಣ್ಣದ ಮರಿಯನ್ನು ಚಾಚಿ ಸೆರಗಿನಲ್ಲಿ ಸುತ್ತಿ ತಂದರು. ಹೆಸರು ಕೆಂಚನೆಂದೇ ಆಯಿತು. ಅದು ಒಳಗೆ ಬರುತ್ತಿರಲಿಲ್ಲ, ಬೇರೆ ಕಡೆ ಹೋಗುತ್ತಲೂ ಇರಲಿಲ್ಲ. 2021ರ ಮೇ ತಿಂಗಳಲ್ಲಿ ಕೊರೊನಾದ ಎರಡನೇ ಅಲೆ ಚಾಚಿಯನ್ನು ಕರೆದುಕೊಂಡಿತು. ನ್ಯೂಜೆರ್ಸಿಯಲ್ಲಿರುವ ಮಗಳು, "ಅಬ್ಬಾ, ನೀವು ಇಲ್ಲಿಗೇ ಬಂದುಬಿಡಿ" ಎಂದು ಹಟ ಹಿಡಿದಳು. ಚಾಚಾ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: ಕೆಂಚನೂ ಬರಬೇಕು.

ಮೊಹಲ್ಲಾದಲ್ಲಿ ನಗೆಯೋ ನಗೆ. "ಕುತ್ತೇಕು ಭೀ ವೀಸಾ ಹೋನಾ ಕತೆ!" ನಾಯಿಗೂ ವೀಸಾ ಬೇಕಂತೆ ಎಂದು ಹೋಟೆಲಿನ ಬೆಂಚಿನ ಮೇಲೆ ದಿನಕ್ಕೊಂದು ಸಲವಾದರೂ ಮಾತಾಗುತ್ತಿತ್ತು. ಹುಡುಗರ ಮಾತು ಸುಳ್ಳಾಗಿರಲಿಲ್ಲ. ಆ ವರ್ಷದ ಜುಲೈ 14ರಿಂದ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, ನೂರಕ್ಕೂ ಹೆಚ್ಚು ದೇಶಗಳ ನಾಯಿಗಳಿಗೆ ಬಾಗಿಲು ಹಾಕಿತು. ವಿಶೇಷ ಪರವಾನಗಿ ಇಲ್ಲದೆ ಪ್ರವೇಶವಿಲ್ಲ. ಪಟ್ಟಿಯಲ್ಲಿ ಭಾರತವೂ ಇತ್ತು. ಕಾರಣ ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ನಾಯಿಯಿಂದ ನಾಯಿಗೆ ಹರಡುವ ರೇಬೀಸ್ ತಮ್ಮಲ್ಲಿ ಅಳಿದಿದೆ ಎಂದು ಅವರು 2007ರಲ್ಲೇ ಘೋಷಿಸಿದ್ದರು. ಸುಳ್ಳು ಲಸಿಕೆ ಪತ್ರ ಹಿಡಿದು ಬರುವ ನಾಯಿಗಳು ಹೆಚ್ಚಾದಾಗ ಬಿಗಿ ಮಾಡಿದರು. ಚಾಚಾ ಹೋಗಲಿಲ್ಲ. ಮಗಳು ಫೋನಿನಲ್ಲಿ ಅತ್ತಳು, ಮುನಿಸಿಕೊಂಡಳು. "ನಿನ್ನ ಅಮ್ಮ ಬಿಟ್ಟುಹೋದ ಜೀವ ಇದೊಂದೇ ಈ ಮನೆಯಲ್ಲಿ" ಎಂದಷ್ಟೇ ಇವರ ಉತ್ತರ.

ನಿಷೇಧ ಆಮೇಲೆ ಸಡಿಲವಾಗಿ, ಅದರ ಜಾಗಕ್ಕೆ ಷರತ್ತುಗಳು ಬಂದವು. 2024ರಲ್ಲಿ ಚಾಚಾ ಮತ್ತೆ ಮನಸ್ಸು ಮಾಡಿದರು. ಕಾಗದಪತ್ರಕ್ಕೆ ಓಡಾಡುವ ಕೆಲಸ ನನ್ನ ಪಾಲಿಗೆ ಬಂತು. ಆಗ ತಿಳಿದದ್ದು, ಇಲ್ಲಿ ಯಾವುದನ್ನು ಮಾಡಿದಿರಿ ಎಂಬುದರಷ್ಟೇ ಯಾವುದರ ನಂತರ ಮಾಡಿದಿರಿ ಎಂಬುದೂ ಮುಖ್ಯ. ಕೆಂಚನಿಗೆ ವರ್ಷವರ್ಷವೂ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿದ ಪುಸ್ತಕವಿತ್ತು. ಅದರಲ್ಲಿ ಬರೆದದ್ದು "ಗಂಡು, ಕೆಂಪು ಬಣ್ಣ" ಎಂದು. ನಮ್ಮ ಸೀಮೆಯಲ್ಲಿ ಅಂಥ ನಾಯಿ ಸಾವಿರ ಇದ್ದಾವು. ಮೊದಲು ಮೈಕ್ರೋಚಿಪ್ ಆಗಬೇಕು, ಲಸಿಕೆ ಆಮೇಲೆ. ಬೆಂಗಳೂರಿಗೆ ಕರೆದೊಯ್ದು ಭುಜಗಳ ನಡುವಿನ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ಪನ್ನು ಸೇರಿಸಿದೆವು. ಅದರೊಳಗೆ 15 ಅಂಕಿಯ ಒಂದು ನಂಬರು. ಆ ನಂಬರಿನ ಹೆಸರಿನಲ್ಲಿ ಹೊಸ ಲಸಿಕೆ. ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು ಸಿಡಿಸಿ ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ಒಂದು ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ಟಿನಷ್ಟಾದರೂ ಪ್ರತಿಕಾಯ ಇದ್ದರೆ ಲಸಿಕೆ ಹಿಡಿದಿದೆ ಎಂದರ್ಥ. ರಕ್ತ ಕೊಟ್ಟ ಮೇಲೆ ಮತ್ತೆ 28 ದಿನ ಕಾಯಬೇಕು. ಈ ಪರೀಕ್ಷೆ ಬೇಡವೆಂದರೆ ಅಲ್ಲಿಳಿದ ನಂತರ 28 ದಿನ ಸ್ವಂತ ಖರ್ಚಿನಲ್ಲಿ ದಿಗ್ಬಂಧನ. ಯೂರೋಪಿಗೆ ಹೋಗುವವರಾದರೆ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು.

ಅಷ್ಟರಲ್ಲಿ 2024ರ ಆಗಸ್ಟ್ 1 ಬಂತು, ಅಮೆರಿಕದ ನಿಯಮ ಮತ್ತೆ ಬದಲಾಯಿತು. ಜುಲೈನಲ್ಲಿ ಜೋಡಿಸಿಟ್ಟ ಕಾಗದ ಆಗಸ್ಟಿಗೆ ಹಳತಾಯಿತು. ಹೊಸ ನಮೂನೆಯಲ್ಲಿ ಲಸಿಕೆ ಮತ್ತು ಚಿಪ್ಪಿನ ವಿವರ ಬರೆಸಿ, ಸರ್ಕಾರಿ ಪಶುವೈದ್ಯಾಧಿಕಾರಿಯಿಂದ ದೃಢೀಕರಿಸಬೇಕು. ಕಂಪ್ಯೂಟರಿನಲ್ಲಿ ಆಮದು ಅರ್ಜಿ ತುಂಬಬೇಕು. ಜೆಎಫ್‌ಕೆಯಂಥ ಕೆಲವೇ ವಿಮಾನ ನಿಲ್ದಾಣಗಳಲ್ಲಿ ಇಳಿಯಬೇಕು. ಅಲ್ಲಿನ ಪ್ರಾಣಿ ಆರೈಕೆ ಕೇಂದ್ರದಲ್ಲಿ ಮೊದಲೇ ಜಾಗ ಕಾದಿರಿಸಬೇಕು. ಇಷ್ಟೆಲ್ಲ ಆದ ಮೇಲೂ ಅಲ್ಲಿ ಅವರು ಮತ್ತೊಂದು ಲಸಿಕೆ ಹಾಕುತ್ತಾರೆ. ಟಿಕೆಟ್ಟು ಅಕ್ಟೋಬರಿಗೆ ಹೋಯಿತು.

ಆ ಬಿಡುವಿನಲ್ಲಿ ಕೆಂಚನಿಗೆ ಪ್ರಯಾಣದ ಪೆಟ್ಟಿಗೆಯ ಅಭ್ಯಾಸ ಮಾಡಿಸಿದೆವು. ಎದ್ದು ನಿಲ್ಲಲು, ತಿರುಗಲು, ಮಲಗಲು ಜಾಗವಿರುವ ಪೆಟ್ಟಿಗೆ. ಜಗುಲಿಯ ಮೇಲಿಟ್ಟು, ಬಾಗಿಲು ತೆಗೆದು, ಊಟವನ್ನು ಅದರೊಳಗೇ ಹಾಕುವುದು. ಛಾವಣಿ ಇರುವ ಯಾವ ಜಾಗಕ್ಕೂ ಕಾಲಿಡದ ನಾಯಿ ಮೂರು ದಿನ ಮುದ್ದೆಯನ್ನು ದೂರದಿಂದ ನೋಡಿತು. ನಾಲ್ಕನೆಯ ದಿನ ಚಾಚಾ, ಚಾಚಿಯ ಹಳೆಯ ದುಪಟ್ಟಾ ತಂದು ಒಳಗೆ ಹಾಸಿದರು.

ಮನುಷ್ಯನ ಕಾಗದ ಇಷ್ಟು ಸಲೀಸಾಗಿರಲಿಲ್ಲ. ಚಾಚಾರ ಹೆಸರು ಶಾಲೆಯ ದಾಖಲೆಯಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಉರ್ದುವಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ನಮ್ಮ ಹೆಸರುಗಳ ಕೈಕಾಲು ಮುರಿದಿರುತ್ತವೆ. ಮೂವರೂ ಒಬ್ಬರೇ ಎಂದು ಅಫಿಡವಿಟ್ಟು ಮಾಡಿಸಿದೆವು. "ನೋಡು ಬೇಟಾ, ಕೆಂಚನಿಗೆ ಒಂದೇ ನಂಬರು. ಅವನು ಅವನೇ ಎಂದು ಯಾರಿಗೂ ಅನುಮಾನವಿಲ್ಲ" ಎಂದು ಚಾಚಾ ನಕ್ಕರು. ಈ ಕಾಲದಲ್ಲಿ ನಮ್ಮವರಿಗೆ ಆ ನಗು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಸಂಜೆ ನಾನು, "ನಮ್ಮ ನಾಯಿ ಎಂದರೆ ಇಷ್ಟು ಅಪನಂಬಿಕೆಯೇ" ಎಂದು ರೇಗಿದೆ. ಚಾಚಾ ನಗಲಿಲ್ಲ. ನನ್ನ ಜೊತೆ ಓದುತ್ತಿದ್ದ ಹುಡುಗನೊಬ್ಬನನ್ನು ನೆನಪಿಸಿದರು. ಅವನು ಅವರ ತರಗತಿಯವನೇ. ಆಗ ನಾಯಿ ಕಡಿದರೆ ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಎಂಬ ಭಯ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ ನಿಂತದ್ದು 2004ರ ಕೊನೆಗೆ. ಸೂಜಿಗೆ ಹೆದರಿ ಹುಡುಗ ಕಡಿತವನ್ನು ಮುಚ್ಚಿಟ್ಟ. ವಾರಗಳಾದ ಮೇಲೆ ಒಂದು ದಿನ ನೀರಿನ ಲೋಟ ಕಂಡು ಕಿರುಚಿದ. ದರ್ಗಾದಲ್ಲಿ ದಮ್ ಮಾಡಿಸಿದರು, ಸೊಪ್ಪಿನ ರಸ ಕುಡಿಸಿದರು, ಹುಡುಗ ಉಳಿಯಲಿಲ್ಲ. ಕೆಂಚನಿಗೆ ಪ್ರತಿವರ್ಷ ಲಸಿಕೆ ಯಾಕೆ ಹಾಕಿಸುತ್ತಿದ್ದರು ಎಂಬುದು ನನಗೆ ಗೊತ್ತಾದದ್ದು ಅಂದೇ. "ಅವರಿಗೆ ನಮ್ಮ ನಾಯಿ ಎಂದರೆ ಭಯ ಇದೆ, ಇರಲಿ. ನಮಗೆ ಯಾಕಿಲ್ಲ?" ಎಂದರು.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ರೇಬೀಸ್ ವೈರಸ್ಸು ಗಾಯದಿಂದ ನರಗಳ ದಾರಿ ಹಿಡಿದು ಮೆದುಳಿಗೆ ಹೋಗುತ್ತದೆ. ಲಕ್ಷಣ ಕಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಅದಕ್ಕೂ ಮೊದಲು, ಕಡಿದ ಕೂಡಲೇ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಹೇಳಿದ ದಿನಗಳಂದು ತಪ್ಪದೆ ಲಸಿಕೆ ಹಾಕಿಸಿಕೊಂಡರೆ, ಆಳದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೊಡಿಸಿದರೆ, ಸಾವನ್ನು ತಡೆಯಬಹುದು. ಈಗ ಸೂಜಿ ತೋಳಿಗೆ, ಹೊಟ್ಟೆಗಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚಿನವರು ಏಷ್ಯಾ, ಆಫ್ರಿಕಾದ ಬಡವರು. ಸತ್ತವರಲ್ಲಿ ಬಹಳ ಮಂದಿ ಮಕ್ಕಳು. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಹಾಕಿ, ಅದನ್ನು ಬಿಡದೆ ಮುಂದುವರಿಸಿದರೆ ರೋಗದ ಸರಪಳಿ ಕಡಿಯುತ್ತದೆ. 2030ರೊಳಗೆ ನಾಯಿಯಿಂದ ಬರುವ ರೇಬೀಸ್ ಅಳಿಸುವ ಕ್ರಿಯಾ ಯೋಜನೆಯನ್ನು ನಮ್ಮ ಸರ್ಕಾರ 2021ರಲ್ಲೇ ಪ್ರಕಟಿಸಿದೆ.

ಚಾಚಾ ಮತ್ತು ಕೆಂಚ ಅಕ್ಟೋಬರಿನಲ್ಲಿ ಹೋದರು. ಒಂದು ನಾಯಿಯನ್ನು ನಂಬಿಸಲು ಐದು ತಿಂಗಳು, ಒಂದು ಚಿಪ್ಪು, ಒಂದು ರಕ್ತ ಪರೀಕ್ಷೆ, ಒಂದು ಕಂತೆ ಕಾಗದ. ಆ ಕಾಗದಗಳು ಕೇಳಿದ ಪ್ರಶ್ನೆ ಕೆಂಚನಿಗಲ್ಲ, ಅವನು ಹುಟ್ಟಿದ ನೆಲಕ್ಕೆ. ಉತ್ತರವನ್ನೂ ಈ ನೆಲವೇ ಕೊಡಬೇಕು.

ಅದನ್ನು ಪಾವಗಡಕ್ಕೆ ಹೋದಾಗಲೆಲ್ಲ ನೆನೆಯುತ್ತೇನೆ. ಆ ತಾಲ್ಲೂಕಿನ ಮೂರು ಕಡೆ ಆಂಧ್ರ. 2020ರ ಲಾಕ್‌ಡೌನಿನಲ್ಲಿ ಮನುಷ್ಯರನ್ನು ತಡೆದು ಪಾಸು ಕೇಳಿದ ಗಡಿ ಅದು. ಕುರಿಮಂದೆಯ ಹಿಂದೆ ಹೋಗುವ ನಾಯಿಗೆ ಮಾತ್ರ ಅಲ್ಲಿ ಗಡಿಯೇ ಇಲ್ಲ. ಬೆಳಿಗ್ಗೆ ಕರ್ನಾಟಕ, ಮಧ್ಯಾಹ್ನ ಆಂಧ್ರ. ರೋಗಕ್ಕೂ ಅದೇ ದಾರಿ. ಪಾವಗಡದಲ್ಲಿ ಲಸಿಕೆ ಹಾಕಿ ಮಡಕಶಿರಾದಲ್ಲಿ ಬಿಟ್ಟರೆ, ಅಥವಾ ಅಲ್ಲಿ ಹಾಕಿ ಇಲ್ಲಿ ಮರೆತರೆ, ಎರಡೂ ಕಡೆಯ ಖರ್ಚು ಮಣ್ಣುಪಾಲು. ಎರಡು ರಾಜ್ಯಗಳ ಪಶುವೈದ್ಯರು ಒಂದೇ ವಾರದಲ್ಲಿ, ಕುರಿಗಾಹಿಗಳು ರೊಪ್ಪದಲ್ಲಿ ತಂಗುವ ಹೊತ್ತಿಗೆ, ಲಸಿಕೆಯ ಪೆಟ್ಟಿಗೆ ಹಿಡಿದು ಹೋಗಬೇಕು. ಅದಕ್ಕೆ ಚಿಪ್ಪು ಬೇಡ, ವಿಮಾನ ಬೇಡ. ಲಸಿಕೆಗೆ ಒಂದಿಷ್ಟು ಮಂಜುಗಡ್ಡೆ, ನಾಯಿಯನ್ನು ಹಿಡಿದುಕೊಳ್ಳಲು ಅದು ನಂಬುವ ಒಬ್ಬ ಕುರುಬರ ಹುಡುಗ ಸಾಕು.