ಗುಡಿಯ ನೆರೆಮನೆ

ಗದಗಿಗೆ ಸಮೀಪದ ಲಕ್ಕುಂಡಿಯಲ್ಲಿ ಪ್ರಾಚೀನ ದೇವಾಲಯಗಳು ಊರ ಹೊರಗಿನ ಬಯಲಲ್ಲಿ ನಿಂತವಲ್ಲ. ಜನವಸತಿಯ ನಡುವೆಯೇ ನಿಂತಿವೆ. ದಾನಚಿಂತಾಮಣಿ ಅತ್ತಿಮಬ್ಬೆಯು ಕ್ರಿ.ಶ. 1007ರಲ್ಲಿ ಕಟ್ಟಿಸಿದ ಬಸದಿಯೂ, ಸೂಕ್ಷ್ಮವಾದ ಕೆತ್ತನೆಗೆ ಹೆಸರಾದ ಕಾಶಿವಿಶ್ವೇಶ್ವರನ ಗುಡಿಯೂ ಇರುವ ಊರದು. ಇಂತಹ ಗುಡಿಯ ನೆರೆಯಲ್ಲಿ ವಾಸಿಸುವುದು ಭಾಗ್ಯವೆಂದು ಯಾತ್ರಿಕನು ಭಾವಿಸುತ್ತಾನೆ. ನೆರೆಯವನನ್ನು ಕೇಳಿದರೆ ಅವನು ತನ್ನ ಮಾಳಿಗೆಯತ್ತ ಕೈ ತೋರಿಸುವನು.

ಅಂಥದೊಂದು ಗುಡಿಯ ಮಗ್ಗುಲಲ್ಲಿ ವೃದ್ಧ ಗೃಹಸ್ಥನೊಬ್ಬನ ಮನೆ. ಅಜ್ಜನ ಕಾಲದ ಮಣ್ಣಿನ ಗೋಡೆ; ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆ. ಒಂದು ಮಳೆಗಾಲದಲ್ಲಿ ಪಡಸಾಲೆಯ ಗೋಡೆ ಕುಸಿಯಿತು. ಮಗನು, “ಅಪ್ಪಾ, ಎಲ್ಲವನ್ನೂ ಕೆಡವಿ ಸಿಮೆಂಟಿನ ಮನೆ ಕಟ್ಟೋಣ, ಮೇಲೊಂದು ಅಂತಸ್ತು ಏರಿಸೋಣ” ಎಂದನು. ಮುದುಕನು ಒಪ್ಪಿದನು, ಕಾಯಿದೆಯು ಒಪ್ಪಲಿಲ್ಲ.

ಸ್ಮಾರಕಗಳ ರಕ್ಷಣೆಗಾಗಿ 1904ರಲ್ಲಿ ಒಂದು ಕಾಯಿದೆಯಾಯಿತು. ಸ್ವತಂತ್ರ ಭಾರತವು 1958ರಲ್ಲಿ ಮತ್ತೊಂದನ್ನು ಮಾಡಿತು. 2010ರ ತಿದ್ದುಪಡಿಯು ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಎಲ್ಲೆಯಿಂದ ಸುತ್ತಲೂ 100 ಮೀಟರನ್ನು ನಿಷೇಧಿತ ಪ್ರದೇಶವೆಂದೂ, ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ ಗೊತ್ತುಪಡಿಸಿತು. ನಿಷೇಧಿತ ಪ್ರದೇಶದೊಳಗೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದು, ನವೀಕರಿಸಬಹುದು. ಕೆಡವಿ ಹಿಂದಿನ ಅಳತೆಯಲ್ಲಿಯೇ ಎಬ್ಬಿಸಿದರೂ ಅದು ಪುನರ್ನಿರ್ಮಾಣ. ಒಂದು ಕೋಣೆ ಹೆಚ್ಚಿಸಿದರೆ ನಿರ್ಮಾಣ. ಎರಡಕ್ಕೂ ಅಲ್ಲಿ ಎಡೆಯಿಲ್ಲ. ಮೀರಿ ಕಟ್ಟಿದವನಿಗೆ 2 ವರ್ಷದವರೆಗೆ ಸೆರೆ, ಇಲ್ಲವೆ ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಎಂದು ಆ ತಿದ್ದುಪಡಿ ವಿಧಿಸಿತು. ದುರಸ್ತಿ ಎಲ್ಲಿ ಮುಗಿದು ಪುನರ್ನಿರ್ಮಾಣ ಎಲ್ಲಿ ತೊಡಗುವುದೆಂಬುದನ್ನು ವಕೀಲರು ಚರ್ಚಿಸಲಿ. ಕುಸಿದ ಗೋಡೆಯ ಮುಂದೆ ನಿಂತವನಿಗೆ ಆ ವಿವೇಚನೆ ಸುಲಭವಲ್ಲ.

ಕಾಯಿದೆಯು ಅಕಾರಣವಾಗಿ ಕಠಿನವಾದುದಲ್ಲ. ಅಡಿಪಾಯ ತೋಡುವ ಗುದ್ದಲಿಯು ಹಳೆಯ ಕಟ್ಟಡದ ಬುಡವನ್ನು ಸಡಿಲಿಸಬಲ್ಲದು. ಎತ್ತರದ ಮನೆಗಳು ಸುತ್ತುವರಿದರೆ ಶಿಖರವು ಬಾವಿಯೊಳಗೆ ಹುಟ್ಟಿದ ಗಿಡದಂತಾಗುವುದು. ಆ ಗುಡಿಯ ಜಗಲಿಯ ಮೇಲೆಯೇ ಆಡಿ ಬೆಳೆದ ಮುದುಕನು ಇದನ್ನು ಬಲ್ಲನು. ಅವನಿಗೆ ನೋವಾದುದು ಬೇರೆ ಮಾತಿಗೆ. ಗುಡಿಯ ಕಲ್ಲುಕಲ್ಲಿಗೂ ಲೆಕ್ಕವುಂಟು. ಅವನ ಅಜ್ಜನು ಕೆತ್ತಿಸಿದ ಪಡಸಾಲೆಯ ಕಂಬಗಳು ಯಾರ ಲೆಕ್ಕದಲ್ಲಿಯೂ ಇಲ್ಲ. ಆ ಮನೆ ಬದಲಾಗದಂತೆ ನೋಡಿಕೊಳ್ಳುವವರಿದ್ದಾರೆ, ಬಿದ್ದುಹೋಗದಂತೆ ನೋಡಿಕೊಳ್ಳುವವರಿಲ್ಲ.

ಮಗನು ಗದಗಿನಲ್ಲಿ ಬಾಡಿಗೆಯ ಮನೆ ಹಿಡಿದನು. ಮುದುಕನು ದುರಸ್ತಿಗೆ ಅರ್ಜಿ ಕೊಟ್ಟು, ಅನುಮತಿ ಬರುವವರೆಗೆಂದು ಕುಸಿದ ಕಡೆಗೆ ತಗಡು ನಿಲ್ಲಿಸಿ ಕಲ್ಲು ಒತ್ತಿದನು. ಮರುವರ್ಷ ಮೃಗಶಿರಾ ಮಳೆ ಹಿಡಿದಾಗಲೂ ಆ ತಗಡು ಅಲ್ಲಿಯೇ ಇದ್ದಿತು.