ಪ್ಯಾರಿಸ್ಸಿನ ಅಟ್ಟದಲ್ಲಿ ಸಕ್ಕರೆಯ ಸುದ್ದಿ

ಪಾಸ್ತರ್ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಮೊದಲು ಮೂಗಿಗೆ ಅಡರುವುದು ಬೇಕರಿಯ ಬೆಣ್ಣೆಯ ಘಮ. ಅದನ್ನು ದಾಟಿ ಡಾಕ್ಟರ್ ರೂ ಬೀದಿಗೆ ಹೊರಳೋಣ ಬನ್ನಿ. ಪಾಸ್ತರ್ ಸಂಸ್ಥೆಯ ಹಳೆಯ ಕಟ್ಟಡದ ಅಂಗಳದಲ್ಲಿ ಹುಚ್ಚುನಾಯಿಯ ಜೊತೆ ಹೆಣಗುತ್ತಿರುವ ಕಂಚಿನ ಹುಡುಗನೊಬ್ಬನಿದ್ದಾನೆ. 1885ರಲ್ಲಿ ಪಾಸ್ತರ್ ಅವರ ಲಸಿಕೆಯಿಂದ ಬದುಕುಳಿದ ಕುರಿಗಾಹಿ ಜ್ಯುಪಿಯ್. ಕೆಳಗೆ, ಪಾಸ್ತರ್ ಸಮಾಧಿಯ ನೆಲಮಾಳಿಗೆಯಲ್ಲಿ, ಮೊಸಾಯಿಕ್ ಚೂರುಗಳು ಚಿನ್ನದಂತೆ ಹೊಳೆಯುತ್ತವೆ: ಕುರಿ, ಕೋಳಿ, ದ್ರಾಕ್ಷಿ ಬಳ್ಳಿ, ಹಿಪ್ಪುನೇರಳೆ. ರಾಮನಗರದ ರೇಷ್ಮೆ ಕಂಡವರಿಗೆ ಆ ಎಲೆಯ ಗುರುತು ಯಾರೂ ಹೇಳಿಕೊಡಬೇಕಿಲ್ಲ.

ನಾನು ಬಂದದ್ದು ಮಾತ್ರ ಅಟ್ಟದ ಸಲುವಾಗಿ. ಈ ಸಂಸ್ಥೆಯ ಅಟ್ಟದಲ್ಲಿ ಆಂದ್ರೆ ಲ್ವೋಫ್ ಅವರ ಪ್ರಯೋಗಾಲಯವಿತ್ತು. ಉದ್ದನೆಯ ಓಣಿಯ ಒಂದು ತುದಿಯಲ್ಲಿ ಬ್ಯಾಕ್ಟೀರಿಯಾದೊಳಗೆ ತೂಕಡಿಸುವ ವೈರಸ್ಸುಗಳ ಅಧ್ಯಯನ, ಇನ್ನೊಂದು ತುದಿಯಲ್ಲಿ ಸಕ್ಕರೆ ತಿನ್ನುವ ಬ್ಯಾಕ್ಟೀರಿಯಾಗಳದ್ದು. ವೈರಸ್ಸಿನ ಕಡೆ ಫ್ರಾನ್ಸ್ವಾ ಜಾಕೊಬ್. 1944ರಲ್ಲಿ ನಾರ್ಮಂಡಿಯಲ್ಲಿ ಗಾಯಗೊಂಡು, ಶಸ್ತ್ರವೈದ್ಯನಾಗುವ ಆಸೆ ಬಿಟ್ಟವರು. ಸಕ್ಕರೆಯ ಕಡೆ ಜಾಕ್ ಮೊನೊ.

ಸೂರಿನ ಕಿಟಕಿಗಳನ್ನು ಬೀದಿಯಿಂದಲೇ ಕತ್ತೆತ್ತಿ ನೋಡಿ ಮೊಂಪರ್ನಾಸ್‌ನ ಕಡೆ ನಡೆಯುತ್ತೇವೆ. ಕಪ್ಪುತಟ್ಟೆಗಳ ಸದ್ದು, ಕೆಂಪು ಮೇಲಾಪಿನಡಿ ಪುಟ್ಟ ದುಂಡು ಮೇಜುಗಳು. ಹಾಲು ಹಾಕಿದ ಕಾಫಿ ಬರುತ್ತದೆ. (ನಮ್ಮ ಫಿಲ್ಟರ್ ಕಾಫಿಯ ಎದುರು ಇದು ನಿಲ್ಲದು, ಇರಲಿ.)

ಈ ಹಾಲಿನ ಸಕ್ಕರೆ, ಲ್ಯಾಕ್ಟೋಸ್, ಜೀರ್ಣವಾಗದೆ ಉಳಿದಷ್ಟು ನನ್ನ ದೊಡ್ಡ ಕರುಳಿಗೆ ಇಳಿಯಲಿದೆ. ಅಲ್ಲೊಂದು ಬೇರೆಯೇ ಊರು. ಎರಡು ಮೈಕ್ರೋಮೀಟರ್ ಉದ್ದದ ಇ. ಕೋಲಿಯ ಒಳಹೊಕ್ಕು ನೋಡಿ: ಸುತ್ತ ಪ್ರೋಟೀನುಗಳ ನೂಕುನುಗ್ಗಲು, ನಡುವೆ ಸುರುಳಿ ಸುತ್ತಿದ ಡಿಎನ್‌ಎ. ಲ್ಯಾಕ್ಟೋಸ್ ಒಡೆಯುವ ಕಿಣ್ವದ ಜೀನ್ ಅಲ್ಲೇ ಇದೆ. ಆದರೆ ಅದರ ಹೊಸ್ತಿಲಲ್ಲಿ ಒಂದು ಪ್ರೋಟೀನು ಅಡ್ಡ ಕೂತಿದೆ. ಜೀನ್ ಓದಲು ಬಂದ ಯಂತ್ರಕ್ಕೆ ದಾರಿಯಿಲ್ಲ. ಅಷ್ಟರಲ್ಲಿ ಲ್ಯಾಕ್ಟೋಸ್‌ನ ಕೆಲವು ಅಣುಗಳು ಒಳನುಸುಳುತ್ತವೆ, ತುಸು ರೂಪ ಬದಲಿಸಿ ಆ ಪ್ರೋಟೀನಿಗೆ ಅಂಟುತ್ತವೆ. ಪ್ರೋಟೀನು ಮೈ ತಿರುಚುತ್ತದೆ, ಹಿಡಿತ ಸಡಿಲುತ್ತದೆ, ಜಾಗ ಬಿಡುತ್ತದೆ. ನಿಮಿಷಗಳಲ್ಲೇ ಕಿಣ್ವದ ತಯಾರಿಕೆ ಶುರು. ಅದರ ಪ್ರಮಾಣ ಸಾವಿರ ಪಟ್ಟಿನ ಹತ್ತಿರಕ್ಕೂ ಏರಬಲ್ಲದು. ಹಾಲು ಮುಗಿಯಿತೋ, ಕಾವಲು ಮತ್ತೆ ಹೊಸ್ತಿಲಿಗೆ.

ಸಕ್ಕರೆ ಇಲ್ಲಿ ಯಾರಿಗೂ ಅಪ್ಪಣೆ ಕೊಡುವುದಿಲ್ಲ, ಅಡ್ಡ ಕೂತವರನ್ನು ಎಬ್ಬಿಸುತ್ತದೆ ಅಷ್ಟೆ! ಮೊನೊ ಅವರಿಗೇ ಇದು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ಅಮೆರಿಕದಿಂದ ಬಂದ ಆರ್ಥರ್ ಪಾರ್ಡಿ ಜೊತೆಗೂಡಿ, ಜೀನ್ ಇಲ್ಲದ ಬ್ಯಾಕ್ಟೀರಿಯಾಕ್ಕೆ ಜೀನ್ ದಾಟಿಸಿ ನೋಡಿದರು. ಸಕ್ಕರೆಯೇ ಇಲ್ಲದಿದ್ದರೂ ಕಿಣ್ವ ತಯಾರಾಗತೊಡಗಿತು. ಒಂದೆರಡು ಗಂಟೆಯೊಳಗೆ ತಡೆಯುವ ಪ್ರೋಟೀನು ಕೂಡಿಬಂದು ಎಲ್ಲವೂ ನಿಂತಿತು. ಭೌತವಿಜ್ಞಾನಿ ಲಿಯೋ ಝಿಲಾರ್ಡ್ ಕೂಡ ತಡೆಯ ಪರವಾಗಿಯೇ ವಾದಿಸಿದ್ದರು.

ಮೊಂಪರ್ನಾಸ್‌ನ ಅಗಲ ಬೀದಿಯುದ್ದಕ್ಕೂ ಚಿತ್ರಮಂದಿರಗಳು. 1958ರ ಜುಲೈಯಲ್ಲಿ ಈ ನಗರದ ಒಂದು ಚಿತ್ರಮಂದಿರದಲ್ಲಿ ಹೆಂಡತಿಯ ಪಕ್ಕ ಕೂತಿದ್ದ ಜಾಕೊಬ್‌ರಿಗೆ ತಟ್ಟನೆ ಹೊಳೆಯಿತು: ಓಣಿಯ ಆ ತುದಿಯ ವೈರಸ್ಸನ್ನು ಮಲಗಿಸಿಟ್ಟಿರುವುದೂ ಈ ತುದಿಯ ಜೀನನ್ನು ತಡೆದಿರುವುದೂ ಒಂದೇ ಬಗೆಯ ಕಟ್ಟುಪಾಡು. 1961ರಲ್ಲಿ ಪ್ರಬಂಧ, 1965ರಲ್ಲಿ ಲ್ವೋಫ್ ಸೇರಿ ಮೂವರಿಗೂ ನೊಬೆಲ್. ಆ ದಿನದ ಸಿನಿಮಾ ಜಾಕೊಬ್‌ರ ತಲೆಗೆ ಹೋಗಿರಲಾರದು.

ಲಕ್ಸೆಂಬರ್ಗ್ ಉದ್ಯಾನದ ಜಲ್ಲಿ ಹಾದಿಯಲ್ಲಿ ಚರಚರ ಸದ್ದು ಮಾಡುತ್ತ ಸೊರ್ಬೊನ್ ತಲುಪುತ್ತೇವೆ. ನಾಜಿಗಳ ಹಿಡಿತದ ಪ್ಯಾರಿಸ್ಸಿನಲ್ಲಿ, 1941ರಲ್ಲಿ, ಮೊನೊ ತಮ್ಮ ಪಿಎಚ್‌ಡಿ ಪ್ರಬಂಧ ಮುಗಿಸಿದ್ದು ಇಲ್ಲೇ. ಎರಡು ಸಕ್ಕರೆ ಒಟ್ಟಿಗೆ ಬಡಿಸಿದರೆ ಬ್ಯಾಕ್ಟೀರಿಯಾ ಗ್ಲೂಕೋಸನ್ನು ಮೊದಲು ಮುಗಿಸುತ್ತದೆ. ಮತ್ತೆ ಕೊಂಚ ಹೊತ್ತು ಬೆಳವಣಿಗೆಯೇ ಇಲ್ಲ, ಸಾರು ಇನ್ನೂ ಕುದಿಯುತ್ತಿರುವಾಗ ಕಾದು ಕೂತ ಪಂಕ್ತಿಯಂತೆ. ಆಮೇಲೆ ಎರಡನೆಯ ಸಕ್ಕರೆ. ಗ್ಲೂಕೋಸ್ ಇರುವಷ್ಟು ಹೊತ್ತು ಲ್ಯಾಕ್ಟೋಸ್‌ನ ಜೀನ್‌ಗೆ ಪೂರ್ತಿ ಹುರುಪು ಬಾರದು. ಜೀವಕೋಶ ಎರಡೂ ಸುದ್ದಿ ಕೇಳಿ ನಡೆಯುತ್ತದೆ.

ಹಗಲು ಈ ಬೆಳವಣಿಗೆಯ ರೇಖೆ ಎಳೆಯುತ್ತಿದ್ದ ಮೊನೊ ನಾಜಿಗಳ ವಿರುದ್ಧದ ಪ್ರತಿರೋಧ ಪಡೆಯಲ್ಲೂ ಇದ್ದರು. ಗುಪ್ತ ಕಾಗದಗಳನ್ನು ಬಚ್ಚಿಟ್ಟದ್ದು ಪ್ರಯೋಗಾಲಯದ ಹೊರಗೆ ನಿಂತಿದ್ದ ಜಿರಾಫೆ ಅಸ್ಥಿಪಂಜರದ ಟೊಳ್ಳು ಕಾಲುಮೂಳೆಗಳಲ್ಲಿ!

ಆ ಜಿರಾಫೆಯನ್ನು ನೋಡಬಹುದೇ ಎಂದು ಬಾಗಿಲಲ್ಲಿ ಕೇಳಿದರೆ ಕಾವಲುಗಾರ ನನ್ನ ಫ್ರೆಂಚಿಗೂ ಪ್ರಶ್ನೆಗೂ ಸೇರಿಸಿ ನಗುತ್ತಾನೆ. ಮೂಳೆ ಬೇಕಿದ್ದರೆ ಜಾರ್ದ್ಯಾಂ ದೆ ಪ್ಲಾಂತ್‌ಗೆ ಹೋಗಿ, ಅಲ್ಲೊಂದು ಸಭಾಂಗಣದ ತುಂಬ ಇವೆ ಎಂದು ಪೂರ್ವಕ್ಕೆ ಕೈ ತೋರಿಸುತ್ತಾನೆ. ದೂರವೇನಿಲ್ಲ, ನಡೆಯಿರಿ.